ಕುಂಡದಲ್ಲಿ ಗೂಡು, ಹಿತ್ತಲಲ್ಲಿ ತರಗೆಲೆ

ಪ್ರಶ್ನೆ: ನಮ್ಮ ಬಾಲ್ಕನಿಯ ಕುಂಡದ ಗಿಡದಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿದೆ. ಮೂರು ಮರಿಗಳಿವೆ. ಏಳು ವರ್ಷದ ಮಗಳಿಗೆ ದಿನಕ್ಕೆ ಹತ್ತು ಸಲ ನೋಡಬೇಕು. ನಮ್ಮ ಯಜಮಾನರು ಗೂಡಿನ ಮೇಲೇ ಮೊಬೈಲ್ ಚಾಚಿ ಫೋಟೋ ತೆಗೆಯುತ್ತಾರೆ. ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ಬಿಟ್ಟುಹೋಗುತ್ತದೆ ಅಂತ ಅತ್ತೆಯವರು ಹೆದರಿಸುತ್ತಾರೆ. ಗಿಡಕ್ಕೆ ನೀರು ಹಾಕಲೂ ಭಯ. ಏನು ಮಾಡಲಿ?

ಉತ್ತರ: ನೀರು ಹಾಕಿ. ಗಿಡ ಒಣಗಿ ಎಲೆ ಉದುರಿದರೆ ಗೂಡಿಗೆ ನೆರಳೂ ಇಲ್ಲ, ಮರೆಯೂ ಇಲ್ಲ. ದೊಡ್ಡ ಹಕ್ಕಿಗಳು ಎರಡೂ ಆಚೆ ಹೋಗಿರುವಾಗ ಬುಡಕ್ಕೆ ಮಾತ್ರ ಮೆಲ್ಲಗೆ ಹಾಕಿ, ಸುಮ್ನೆ ಒಳಗೆ ಬಂದುಬಿಡಿ. ಗೂಡಿನೊಳಗೆ ಬಗ್ಗಿ ನೋಡಬೇಡಿ.

ಅತ್ತೆಯವರ ಕಾಳಜಿ ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ. ನಮ್ಮ ಕೈ ವಾಸನೆಗೆ ಹಕ್ಕಿ ಮರಿ ಬಿಡುವುದಿಲ್ಲ. ಆದರೆ ಪದೇ ಪದೇ ಹೆದರಿದರೆ, ಅದರಲ್ಲೂ ಇನ್ನೂ ಮೊಟ್ಟೆ ಇರುವಾಗ, ಗೂಡು ಬಿಟ್ಟು ಹೋಗುವುದುಂಟು.

ಫೋಟೋ ಮಾತ್ರ ಇವತ್ತೇ ನಿಲ್ಲಿಸಿ. ಎಷ್ಟೋ ವರ್ಷದ ಹಿಂದೆ ನಾನೂ ಇದೇ ಕೆಲಸ ಮಾಡಿದ್ದೆ. ಚಿತ್ರ ಚೆನ್ನಾಗಿ ಬರಲಿ ಅಂತ ಗೂಡಿಗೆ ಅಡ್ಡವಿದ್ದ ಎರಡು ಸಣ್ಣ ರೆಂಬೆ ಕತ್ತರಿಸಿದೆ. ಮಾರನೇ ದಿನ ಬೆಳಿಗ್ಗೆ ಗೂಡು ಖಾಲಿ. ಎದುರು ಗೋಡೆಯ ಮೇಲೆ ಕಾಗೆ ಕೂತಿತ್ತು. ತಾಯಿ ಹಕ್ಕಿ ಸಂಜೆವರೆಗೂ ಹುಳು ಕಚ್ಚಿಕೊಂಡು ಬಂದು, ಗೂಡಿನಂಚಿನಲ್ಲಿ ಕೂತು, ಮತ್ತೆ ಹಾರಿಹೋಗುತ್ತಿತ್ತು. ಆ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸಿಲ್ಲ.

ಇನ್ನೊಂದು ಅಪಾಯವೂ ಇದೆ. ಪಿಕಳಾರದ ಮರಿ ಮೊಟ್ಟೆಯೊಡೆದು ಸುಮಾರು 12 ದಿನಕ್ಕೆ ಗೂಡು ಬಿಡುತ್ತದೆ. ಅದಕ್ಕೆ ಎರಡು ಮೂರು ದಿನ ಮುಂಚೆ ಯಾರಾದರೂ ಹತ್ತಿರ ಬಗ್ಗಿದರೆ, ರೆಕ್ಕೆ ಬಲಿಯುವ ಮೊದಲೇ ಗಾಬರಿಯಲ್ಲಿ ಹೊರಗೆ ಜಿಗಿದುಬಿಡುತ್ತವೆ.

ಹಾಗಂತ ಮಗಳ ಆಸೆ ಚಿವುಟಬೇಡಿ. ಎಷ್ಟು ದೂರ ಇರಬೇಕು ಅನ್ನೋದನ್ನು ಹಕ್ಕಿಯೇ ಹೇಳುತ್ತದೆ. ಕೊಕ್ಕಲ್ಲಿ ಹುಳು ಇದ್ದರೂ ಗೂಡಿಗೆ ಬರದೆ, ಕಂಬಿಯ ಮೇಲೆ ಕೂತು ಬಾಲ ಕುಣಿಸುತ್ತಾ ಕೂಗುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ. ನಿಮ್ಮ ಕಡೆ ಲಕ್ಷ್ಯವೇ ಕೊಡದೆ ನೇರ ಗೂಡಿಗೆ ಬಂತು ಅಂದರೆ ಆ ಜಾಗ ಸರಿ. ಅಲ್ಲಿ, ಪರದೆಯ ಹಿಂದೆ, ಮಗಳಿಗೊಂದು ಕುರ್ಚಿ ಹಾಕಿ.

ಅರ್ಧ ಗಂಟೆ ಅಲ್ಲಾಡದೆ ಕೂತರೆ ಮಗಳು ಎಂಥ ಚಂದ ನೋಡುತ್ತಾಳೆ ಗೊತ್ತಾ? ಹುಳು ನುಂಗಿದ ಮರಿ ಆ ಕಡೆ ತಿರುಗಿ ಹಿಂಭಾಗ ಎತ್ತುತ್ತದೆ. ಬಿಳಿ ಪೊರೆಯಲ್ಲಿ ಸುತ್ತಿದ ಹಿಕ್ಕೆ ಪುಟ್ಟ ಪೊಟ್ಟಣದ ಹಾಗೆ ಹೊರಬರುತ್ತದೆ. ದೊಡ್ಡ ಹಕ್ಕಿ ಅದನ್ನು ಕೊಕ್ಕಲ್ಲಿ ಹಿಡಿದು ದೂರ ಒಯ್ದು ಬಿಸಾಡುತ್ತದೆ. ಗೂಡು ಚೊಕ್ಕಟವಾಗಿರುತ್ತದೆ. ನಾನಂತೂ ಇದನ್ನು ಎಷ್ಟು ಸಲ ನೋಡಿದರೂ ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಗೂಡಿನ ಪಕ್ಕ ಕಾಳು, ಹಣ್ಣು ಇಡಬೇಡಿ, ಇರುವೆ ಮುತ್ತುತ್ತವೆ. ಗೂಡು ಬಿಟ್ಟ ಮರಿ ಸರಿಯಾಗಿ ಹಾರದೆ ನೆಲದಲ್ಲಿ ಕೂತಿದ್ದರೆ ಅನಾಥ ಅಂತ ಎತ್ತಿಕೊಳ್ಳಬೇಡಿ. ತಂದೆ ತಾಯಿ ಅಲ್ಲೇ ಎಲ್ಲೋ ಇರುತ್ತವೆ, ಗುಟುಕು ಕೊಡುತ್ತಲೇ ಇರುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಆ ಕೆಲವು ದಿನ ಅದನ್ನು ಒಳಗೇ ಇಟ್ಟುಕೊಳ್ಳಿ.

ಪ್ರಶ್ನೆ: ಹಿತ್ತಲಲ್ಲಿ ಮೊದಲು ಮಿಂಚುಹುಳ ತುಂಬಾ ಇದ್ದವು. ಈಗ ಒಂದೂ ಇಲ್ಲ. ದಿನಾ ಗುಡಿಸಿ ಚೊಕ್ಕಟವಾಗಿಯೇ ಇಟ್ಟಿದ್ದೇವೆ. ರಾತ್ರಿಯಿಡೀ ದೀಪವೂ ಉರಿಯುತ್ತದೆ. ಯಾಕೆ ಹೀಗೆ?

ಉತ್ತರ: ನೀವು ಬರೆದ ಎರಡೂ ವಿಷಯ ಅವಕ್ಕೆ ಕಷ್ಟ ಕೊಡುತ್ತವೆ. ಮಿನುಗುತ್ತಾ ಹಾರುವ ಹುಳದ ಬದುಕು ಕೆಲವೇ ವಾರ. ಅದಕ್ಕೂ ಮುಂಚೆ ಅದು ಮರಿಹುಳುವಾಗಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಜಾಸ್ತಿ ಕಾಲ, ತೇವದ ಮಣ್ಣಲ್ಲಿ, ತರಗೆಲೆಯಡಿ ಬಸವನಹುಳು ಹಿಡಿದು ತಿನ್ನುತ್ತಾ ಇರುತ್ತದೆ. ಎಲೆ ಗುಡಿಸಿ ಸುಟ್ಟರೆ ಮುಂದಿನ ವರ್ಷದ ಮಿಂಚುಹುಳವೂ ಜೊತೆಗೆ ಹೋಯಿತು, ಅಲ್ವಾ? ಇನ್ನು ಮಿನುಗು ಅಂದರೆ ಗಂಡು ಹೆಣ್ಣು ಒಂದನ್ನೊಂದು ಹುಡುಕುವ ಬಗೆ. ಜೋರು ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ.

ದೀಪದ ಸುತ್ತ ಗಿರಕಿ ಹೊಡೆಯುವ ಪತಂಗಗಳ ಪಾಡೂ ಅಷ್ಟೇ. ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿರುವ ಕಡೆಗೆ, ಅಂದರೆ ಆಕಾಶಕ್ಕೆ, ಇಟ್ಟುಕೊಂಡು ಸಮತೋಲ ಕಾಯುತ್ತದೆ. ಹತ್ತಿರದ ದೀಪಕ್ಕೂ ಹಾಗೇ ಬೆನ್ನು ವಾಲಿಸಿ ದಾರಿ ತಪ್ಪುತ್ತದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿತು.

ಹಿತ್ತಲ ಒಂದು ಮೂಲೆಗೆ ಪೊರಕೆ ತಾಗಿಸಬೇಡಿ, ಕೀಟನಾಶಕವಂತೂ ಬೇಡವೇ ಬೇಡ. ಕೆಲಸವಿಲ್ಲದಾಗ ದೀಪ ಆರಿಸಿ. ಬೇಕೇ ಬೇಕು ಅಂದರೆ ಮಂದ ಹಳದಿ ದೀಪ ಹಾಕಿ, ಬೆಳಕು ನೆಲಕ್ಕೆ ಮಾತ್ರ ಬೀಳುವ ಹಾಗೆ ಮರೆ ಕಟ್ಟಿ. ಒಂದೆರಡು ವರ್ಷ ಕಾಯಬೇಕಾದೀತು. ಹತ್ತಿರದಲ್ಲೆಲ್ಲಾದರೂ ಮಿಂಚುಹುಳ ಉಳಿದಿದ್ದರೆ ಬಂದಾವು.

ಪ್ರಶ್ನೆ: ಹೊಳೆಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಮಾಡಿದೆ. ಗೆಳತಿ ಬೈದಳು. ಅದರಲ್ಲೇನು ತಪ್ಪು?

ಉತ್ತರ: ಹೊಳೆಯ ಕಲ್ಲಿನ ಅಡಿಭಾಗ ಯಾರದೋ ಮನೆ. ಎಷ್ಟೋ ನೀರಹುಳುಗಳ ಮರಿಗಳು ಅಲ್ಲಿ ಅಂಟಿಕೊಂಡಿರುತ್ತವೆ. ಕೆಲವು ಮೀನುಗಳು ಅಲ್ಲೇ ಮೊಟ್ಟೆ ಇಡುತ್ತವೆ. ಬಿಸಿಲಿಗೆ ಬಂದರೆ ಒಣಗಿಹೋಗುತ್ತವೆ. ನೋಡುವ ಆಸೆಯಿದ್ದರೆ ಒಂದೇ ಒಂದು ಕಲ್ಲು ಎತ್ತಿ, ಒದ್ದೆ ಕೈಯಲ್ಲಿ. ನೋಡಿದ ಮೇಲೆ ಅದೇ ಗುಳಿಯಲ್ಲಿ, ಮೊದಲಿದ್ದ ಮಗ್ಗುಲಿಗೇ ಮೆಲ್ಲಗೆ ಇಟ್ಟುಬಿಡಿ.