ಕುಳ್ಳಗಿದ್ದರೆ ಮಿಡ್‌ಫೀಲ್ಡ್ ಆಗಲ್ವಾ?

ತಮ್ಮನಿಗೆ ಹದಿನೇಳು, ಕುಳ್ಳ, ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡ್ (ಮೈದಾನದ ನಡುವಿನ ಆಟ) ಬಿಡಿಸಲಾ ಅಂತ ಕೇಳಿದ್ದೀರಿ. ಸುಮ್ನೆ ಬಿಡಿಸಬೇಡಿ ಸರ್. ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮಾಡ್ರಿಚ್ ಎತ್ತರ 172 ಸೆಂಟಿಮೀಟರ್ ಅಷ್ಟೇ. ಸಣ್ಣ ಹುಡುಗ ಅಂತ ಅಲ್ಲಿನ ಹೈದುಕ್ ಸ್ಪ್ಲಿಟ್ ಕ್ಲಬ್ ಬೇಡ ಅಂದಿತ್ತು. ಇನ್ನೊಂದು ಕ್ಲಬ್ ದಿನಾಮೊ ಜಾಗ್ರೆಬ್ ಸೇರಿಸಿಕೊಂಡು 2003ರಲ್ಲಿ ಬೋಸ್ನಿಯಾದ ಜ್ರಿನ್‌ಸ್ಕಿ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಆಡಲು, ಕಳಿಸಿತು. ಅಲ್ಲಿ ಮೈಮೇಲೆ ಬೀಳುವ ಒರಟು ಆಟ. ಇವನೇ ಆ ಲೀಗಿನ ವರ್ಷದ ಆಟಗಾರನಾದ! ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿಕೊಂಡು, ಒಂದೇ ಟಚ್‌ನಲ್ಲಿ ತಿರುಗಿಬಿಡುತ್ತಾನೆ, ಗಮನಿಸಿ. 2012ರಲ್ಲಿ ಸ್ಪೇನ್‌ನ ದೊಡ್ಡ ಕ್ಲಬ್ ರಿಯಲ್ ಮ್ಯಾಡ್ರಿಡ್ ಸೇರಿದ, 2018ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿ ಗೆದ್ದ.

ಕಲಬುರಗಿ ಬಿಸಿಲು ಏರುವ ಮೊದಲು, ಬೆಳಿಗ್ಗೆ ಗೋಡೆಗೆ ಒದ್ದು ಎರಡೂ ಕಾಲಲ್ಲಿ ಚೆಂಡು ನಿಲ್ಲಿಸೋದು ಮಾಡಿಸಿ. ಎತ್ತರಕ್ಕಿಂತ ವಯಸ್ಸಿನ ಚಿಂತೆ ಜಾಸ್ತಿ. ಬೆಂಗಳೂರಿನ ಕ್ಲಬ್ಬುಗಳ ಟ್ರಯಲ್ಸ್‌ಗೆ ಈ ವರ್ಷವೇ ಕರೆದುಕೊಂಡು ಹೋಗಿ. ಪಿಯುಸಿ ಮಾತ್ರ ಬಿಡಿಸಬೇಡಿ.