ನೂರು ಚೀಲ ಭತ್ತಕ್ಕೆ ಐದು ಚೀಲ ಅಕ್ಕಿ

ಪ್ರಿಯ ಓದುಗರೇ,

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನೀವು ಕಳಿಸಿದ ಪತ್ರ ಓದಿ ಮೊದಲು ನಕ್ಕೆವು, ಆಮೇಲೆ ನಮ್ಮ ಹಳೇ ಸಂಚಿಕೆ ತೆಗೆದು ನೋಡಿದೆವು. ಥೈಮಸ್ ಎಂಬ ಗ್ರಂಥಿಯಲ್ಲಿ ಬೆಳೆಯುವ, ರೋಗಾಣುಗಳ ವಿರುದ್ಧ ಕಾದಾಡುವ ಟಿ ಕೋಶಗಳಲ್ಲಿ 100ಕ್ಕೆ 95ಕ್ಕೂ ಜಾಸ್ತಿ ಅಲ್ಲೇ ಸಾಯುತ್ತವೆ, ಅವೆಲ್ಲ ನಮ್ಮ ದೇಹದ ಮೇಲೇ ತಿರುಗಿ ಬೀಳುವಂಥವು ಎಂದು ಬರೆದಿದ್ದೆವು. ನೀವು ಕೇಳಿದಿರಿ: "ನೂರು ಚೀಲ ಭತ್ತ ಹಾಕಿ ಐದು ಚೀಲ ಅಕ್ಕಿ ತೆಗೆದರೆ ಮಿಲ್ಲಿಗೆ ಸಂಜೆಗೇ ಬೀಗ. ಅಷ್ಟೂ ಕೋಶಗಳು ಮನೆಮುರುಕವೇ? ಎದೆಯಲ್ಲಿ ಕೂತ ಥೈಮಸ್‌ಗೆ ಹೊಟ್ಟೆಯಲ್ಲಿ ತಯಾರಾಗುವ ಇನ್ಸುಲಿನ್ ಗುರುತು ಹೇಗೆ?"

ಮೊದಲನೆಯದರಲ್ಲಿ ತಪ್ಪು ನಮ್ಮದೇ. ಸತ್ತವರಲ್ಲಿ ದೊಡ್ಡ ಪಾಲು ಬರೀ ಜೊಳ್ಳು.

ನಾಳೆ ಯಾವ ರೋಗಾಣು ಬರುತ್ತದೋ ದೇಹಕ್ಕೆ ಗೊತ್ತಿಲ್ಲ. ಅದಕ್ಕೇ ಪ್ರತಿ ಟಿ ಕೋಶವೂ ತನ್ನ ಜೀನ್ ತುಂಡುಗಳನ್ನು ಮನಬಂದಂತೆ ಕತ್ತರಿಸಿ ಜೋಡಿಸಿ ತನ್ನದೇ ಒಂದು ಹಿಡಿಕೆ ಮಾಡಿಕೊಳ್ಳುತ್ತದೆ. ದೇಹದ ಕೋಶಗಳು ತಮ್ಮೊಳಗಿನ ಪ್ರೋಟೀನ್ ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ತೋರಿಸುತ್ತವೆ. ಆ ತಟ್ಟೆಯನ್ನು ಸ್ವಲ್ಪವೂ ಹಿಡಿಯಲಾರದ ಕೋಶವನ್ನು ಯಾರೂ ಕೊಲ್ಲುವುದಿಲ್ಲ. ಬದುಕು ಎನ್ನುವ ಸಂದೇಶ ಸಿಗದೆ ಕೆಲವೇ ದಿನಗಳಲ್ಲಿ ತಾನೇ ಸಾಯುತ್ತದೆ, ಅಷ್ಟೇ. ಮೆಲ್ಲಗೆ ಹಿಡಿದದ್ದು ಪಾಸು. ನಮ್ಮದೇ ಚೂರನ್ನು ಬಿಗಿಯಾಗಿ ಕಚ್ಚಿಕೊಂಡದ್ದು ಮಾತ್ರ ಅಕ್ಕಿಯೊಳಗಿನ ಕಲ್ಲು. ಅಂಥದ್ದಕ್ಕೆ ಸಾಯುವ ಆದೇಶ ಬರುತ್ತದೆ, ಹೆಣವನ್ನು ಪಕ್ಕದ ಕೋಶಗಳು ನುಂಗುತ್ತವೆ. ಇದನ್ನು 1987ರಲ್ಲಿ ಜಾನ್ ಕ್ಯಾಪ್ಲರ್, ಫಿಲಿಪಾ ಮ್ಯಾರಕ್ ಇಲಿಗಳಲ್ಲಿ ತೋರಿಸಿಕೊಟ್ಟರು.

ನಿಮ್ಮ ಎರಡನೇ ಪ್ರಶ್ನೆ ವಿಜ್ಞಾನಿಗಳ ತಲೆಯನ್ನೂ ಬಹಳ ಕಾಲ ತಿಂದಿತ್ತು. ಎಪಿಎಂಸಿ ವ್ಯಾಪಾರಿ ಪ್ರತಿ ರೈತನ ಹೊಲಕ್ಕೆ ಹೋಗುತ್ತಾನಾ? ಇಲ್ಲ, ಸ್ಯಾಂಪಲ್ ಅವನ ಮುಂದೆ ಬಂದು ಬೀಳುತ್ತದೆ. ಥೈಮಸ್‌ನ ಒಳಭಾಗದ ಕೆಲವು ಕೋಶಗಳು ಮಾಡುವುದೂ ಅದೇ. ಏರ್ ಎಂಬ ಜೀನ್ ಅವುಗಳಲ್ಲಿ ಸಾವಿರಾರು ಬೇರೆ ಜೀನ್‌ಗಳ ಬೀಗ ತೆಗೆಯುತ್ತದೆ. ಆಗ ಬೇರೆ ಬೇರೆ ಅಂಗಗಳ ಪ್ರೋಟೀನ್‌ಗಳು ಅಲ್ಲೇ ಚೂರುಚೂರು ತಯಾರಾಗುತ್ತವೆ, ಇನ್ಸುಲಿನ್ ಕೂಡ. ಒಂದೊಂದು ಕೋಶ ತೋರಿಸುವುದು ಕೆಲವನ್ನೇ. ಎಲ್ಲ ಸೇರಿದರೆ ಇಡೀ ದೇಹದ ಸ್ಯಾಂಪಲ್. ಈ ಜೀನ್ ಪತ್ತೆಯಾದದ್ದು 1997ರಲ್ಲಿ, ಅದು ಕೆಟ್ಟು ಒಂದೇ ಮೈಯಲ್ಲಿ ಹಲವು ಗ್ರಂಥಿಗಳು ಹಾಳಾಗುವ ಅಪರೂಪದ ಕಾಯಿಲೆಯ ಬೆನ್ನು ಹತ್ತಿ ಹೋದಾಗ.

ಆದರೂ ಒಂದಷ್ಟು ಕಲ್ಲು ಜಾರಿ ಹೊರಗೆ ಬರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಅವನ್ನು ಹದ್ದುಬಸ್ತಿನಲ್ಲಿಡಲು ಇನ್ನೊಂದು ಜಾತಿಯ ಟಿ ಕೋಶಗಳಿವೆ. ಇವನ್ನು 1995ರಲ್ಲಿ ಗುರುತಿಸಿದವರು ಜಪಾನಿನ ಶಿಮೊನ್ ಸಕಗುಚಿ. 2025ರ ವೈದ್ಯಕೀಯ ನೊಬೆಲ್ ಅವರಿಗೂ ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಿಕ್ಕಿದ್ದು ಈ ಕೆಲಸಕ್ಕೇ.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: ಒಂಬತ್ತು ವರ್ಷದ ಅಳಿಯನಿಗೆ ಟೈಪ್ 1 ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್, ತಾನೇ ಮಿಠಾಯಿ ಕೊಡಿಸಿ ಕೆಡಿಸಿದೆ ಅಂತ ತಂಗಿಯ ಕೊರಗು. ಈ ಕಾಯಿಲೆಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುವುದು ಹೀಗೆ ಜಾರಿ ಬಂದ ಟಿ ಕೋಶಗಳೇ. ಇನ್ಸುಲಿನ್ ಜೀನಿನ ಒಂದು ಬಗೆ ಇದ್ದವರ ಥೈಮಸ್‌ನಲ್ಲಿ ಇನ್ಸುಲಿನ್ ಸ್ಯಾಂಪಲ್ ಕಡಿಮೆ ತಯಾರಾಗುತ್ತದೆ, ಅಂಥವರಿಗೆ ಅಪಾಯ ಜಾಸ್ತಿ ಎಂಬುದೂ ಗೊತ್ತಾಗಿದೆ. ಗವಿಮಠದ ಜಾತ್ರೆಯಲ್ಲಿ ಕೊಡಿಸಿದ ಮಿಠಾಯಿಗೂ ಇದಕ್ಕೂ ಸಂಬಂಧವಿಲ್ಲ. ಈ ಪುಟವನ್ನು ತಂಗಿಗೆ ಓದಿ ಹೇಳಿ.

— ಸಂಪಾದಕ