ಕ್ಯಾರವಾನ್ ಎಳೆಯೋಕೆ ಯಾವ ಫೋರ್ ವೀಲ್ ಡ್ರೈವ್?

ಪ್ರಶ್ನೆ: ಸರ್, ನಾವಿರುವುದು ಮೆಲ್ಬರ್ನ್‌ನಲ್ಲಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ಹಾಸನದಿಂದ ಬರಲಿರುವ ಅಮ್ಮ, ಒಟ್ಟು ಐದು ಜನ. ಕ್ಯಾರವಾನ್ (ಗಾಡಿ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೆ) ಕೊಂಡು ನಲ್ಲಾರ್ಬರ್ ಬಯಲು ದಾಟಿ ಪರ್ತ್‌ಗೆ ಹೋಗಿ ಬರೋ ಆಸೆ. ನೋಡಿಟ್ಟಿರುವ ಕ್ಯಾರವಾನ್ ಖಾಲಿ ಇದ್ದಾಗ 2400 ಕೆಜಿ, ತುಂಬಿದರೆ ಗರಿಷ್ಠ 3000 ಕೆಜಿ. ಮುಂಗಡ ಇನ್ನೂ ಕೊಟ್ಟಿಲ್ಲ. ರೇಂಜರ್, ಡಿ-ಮ್ಯಾಕ್ಸ್, ಎವರೆಸ್ಟ್, ಲ್ಯಾಂಡ್‌ಕ್ರೂಸರ್ ಎಲ್ಲದಕ್ಕೂ 3500 ಕೆಜಿ ಎಳೆಯುತ್ತೆ ಅಂತಲೇ ಬರೆದಿದ್ದಾರೆ. ಹಾಗಾದ್ರೆ ಅಗ್ಗದ್ದೇ ತಗೊಂಡರಾಯ್ತು ಅಲ್ವಾ?

ಉತ್ತರ: ಮುಂಗಡ ಕೊಡದೆ ಇದ್ದದ್ದು ಒಳ್ಳೇದಾಯ್ತು. ಆಸ್ಟ್ರೇಲಿಯಾದಲ್ಲಿ ಆ 3500 ನೋಡಿಯೇ ಗಾಡಿ ಮಾರುತ್ತಾರೆ, ಅದನ್ನು ನೋಡಿಯೇ ಜನ ಕೊಳ್ಳುತ್ತಾರೆ. ಆದರೆ ಒಳಗೆ ಐದು ಜನ ಕೂತು, ಡಿಕ್ಕಿ ತುಂಬಾ ಸಾಮಾನು ಹಾಕಿಕೊಂಡು 3500 ಎಳೆಯಬಹುದು ಅಂತ ಅದರರ್ಥ ಅಲ್ಲ.

ನೀವು ಕೇಳಬೇಕಾದ ಅಂಕಿ ಎರಡು. ಒಂದು ಜಿವಿಎಂ, ಅಂದರೆ ಗಾಡಿ, ಜನ, ಸಾಮಾನು ಎಲ್ಲಾ ಸೇರಿ ಗಾಡಿ ಎಷ್ಟು ತೂಗಬಹುದು ಅನ್ನೋದು. ಇನ್ನೊಂದು ಜಿಸಿಎಂ, ಗಾಡಿಯೂ ಕ್ಯಾರವಾನೂ ಸೇರಿದ ಒಟ್ಟು ತೂಕದ ಮಿತಿ. ಒಂದು ಯೂಟ್‌ನ (ರೇಂಜರ್, ಡಿ-ಮ್ಯಾಕ್ಸ್ ಥರದ ಪಿಕಪ್) ಜಿಸಿಎಂ 6000 ಕೆಜಿ ಅಂತಿಟ್ಟುಕೊಳ್ಳಿ. ಹಿಂದೆ 3500 ಕಟ್ಟಿದರೆ ಮುಂದಿನ ಗಾಡಿಗೆ ಉಳಿಯೋದು 2500. ಗಾಡಿಯ ಸ್ವಂತ ತೂಕವೇ 2150 ಇದ್ದರೆ ಜನಕ್ಕೂ ಸಾಮಾನಿಗೂ ಸೇರಿ 350 ಕೆಜಿ. ಕರಪತ್ರದಲ್ಲಿ 3500 ದಪ್ಪ ಅಕ್ಷರದಲ್ಲಿರುತ್ತೆ, ಇದು ಮಾತ್ರ ಕೊನೇ ಪುಟದ ಸಣ್ಣಕ್ಷರದಲ್ಲಿರುತ್ತೆ.

ಈಗ ನಿಮ್ಮ ಲೆಕ್ಕ. ಕ್ಯಾರವಾನ್ ತೂಕದ ಸುಮಾರು ಹತ್ತನೇ ಒಂದು ಭಾಗ ಟೋ ಬಾಲ್ (ಕ್ಯಾರವಾನ್ ಸಿಕ್ಕಿಸೋಕೆ ಗಾಡಿಯ ಹಿಂದಿರೋ ಗುಂಡು) ಮೇಲೆ ಕೂರುತ್ತೆ. 3000ಕ್ಕೆ 300 ಕೆಜಿ. ಇದನ್ನು ಗಾಡಿ ಹೊರಬೇಕು, ಹಾಗಾಗಿ ಜಿವಿಎಂ ಲೆಕ್ಕಕ್ಕೆ ಸೇರುತ್ತೆ. ತುಂಬಾ ಜನ ಮರೆಯೋದು ಇದನ್ನೇ. ಎವರೆಸ್ಟ್, ಲ್ಯಾಂಡ್‌ಕ್ರೂಸರ್ ಥರದ ಏಳು ಸೀಟಿನ ವ್ಯಾಗನ್‌ಗಳು ಸಾಮಾನ್ಯವಾಗಿ 600ರಿಂದ 800 ಕೆಜಿ ಹೊರುತ್ತವೆ, 700 ಅಂತ ಹಿಡಿಯಿರಿ. ಟೋ ಬಾಲ್ ಭಾರ 300, ಮೂವರು ದೊಡ್ಡವರು ಇಬ್ಬರು ಮಕ್ಕಳು ಸೇರಿ 270, ಟೋ ಬಾರ್ ಮತ್ತು ಕಾಂಗರೂ ಗುದ್ದಿದರೆ ತಡೆಯೋಕೆ ಹಾಕಿಸೋ ಬುಲ್ ಬಾರ್ ಸೇರಿ 100. ಅಲ್ಲಿಗೆ 670 ಆಯ್ತು. ಉಳಿದ 30 ಕೆಜಿಯಲ್ಲಿ ಫ್ರಿಜ್ ಇಡುತ್ತೀರೋ, ಅಮ್ಮನ ಸೂಟ್‌ಕೇಸ್ ಇಡುತ್ತೀರೋ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ!

ಲಕ್ಷ ಡಾಲರ್ ಆಸುಪಾಸಿನ ಲ್ಯಾಂಡ್‌ಕ್ರೂಸರ್ 300 ತಗೊಂಡರೂ ಈ ಒಂದು ವಿಷಯದಲ್ಲಿ ಅಂಥಾ ದೊಡ್ಡ ಅನುಕೂಲ ಇಲ್ಲ. ಅದರ ಬಲ ಇರೋದು ಬೇರೆ ಕಡೆ. 3.3 ಲೀಟರ್ ಡೀಸೆಲ್ ಎಂಜಿನ್, 700 ಎನ್ಎಂ ಟಾರ್ಕ್ (ಎಂಜಿನ್ನಿನ ತಿರುಗಿಸೋ ಬಲ), 6750 ಕೆಜಿ ಜಿಸಿಎಂ, ಜೊತೆಗೆ ಗಾಡಿಯೇ ತೂಕದ್ದು. ವಿ8 ಪೆಟ್ರೋಲ್ ಎಂಜಿನ್ನಿನ ನಿಸ್ಸಾನ್ ಪ್ಯಾಟ್ರೋಲ್ ವೈ62 ಕೂಡ ಹಾಗೇ. ಜಿಸಿಎಂ 7000 ಇದೆ, ಎಳೆಯುವಾಗ ಒದ್ದಾಡಲ್ಲ, ಆದರೆ ಪೆಟ್ರೋಲ್ ಕುಡಿಯುತ್ತೆ ನೋಡಿ, 140 ಲೀಟರ್ ಟ್ಯಾಂಕ್ ಕೊಟ್ಟಿರೋದು ಸುಮ್ನೆ ಅಲ್ಲ.

ಹಾಗಾದ್ರೆ ಯೂಟ್? ಹೊರೋದರಲ್ಲಿ ಯೂಟ್‌ಗಳೇ ಮುಂದು, ಬಹುತೇಕ ಎಲ್ಲವೂ ಟನ್ ಹತ್ತಿರ ಹೊರುತ್ತವೆ. ಕಾಗದದ ಮೇಲೆ ನಿಮ್ಮ ಲೆಕ್ಕಕ್ಕೆ ಅದು ಕೂರುತ್ತೆ. ಆದರೆ ನನಗೆ ಎರಡು ತಕರಾರಿದೆ. ಎತ್ತಿಗಿಂತ ಬಂಡಿ ಭಾರ ಆಗಬಾರದು. ಎರಡೂಕಾಲು ಟನ್ ಯೂಟ್ ಹಿಂದೆ ಮೂರು ಟನ್ ಕಟ್ಟಿದರೆ, ಪಕ್ಕದಲ್ಲಿ ರೋಡ್ ಟ್ರೇನ್ (ಹಲವು ಟ್ರೇಲರ್ ಎಳೆಯೋ ಉದ್ದನೆ ಲಾರಿ) ಹಾದುಹೋದಾಗ ಆ ಗಾಳಿಗೆ ಹಿಂದಿನದೇ ಮುಂದಿನದನ್ನು ಅಲ್ಲಾಡಿಸುತ್ತೆ. ಇನ್ನೊಂದು, ಮೆಲ್ಬರ್ನ್‌ನಿಂದ ಪರ್ತ್‌ಗೆ ಸುಮಾರು 3400 ಕಿಲೋಮೀಟರ್. ಯೂಟ್‌ನ ಹಿಂದಿನ ಸೀಟಲ್ಲಿ ನೆಟ್ಟಗೆ ಕೂತು ಅಷ್ಟು ದೂರ ಬಂದ ಅಮ್ಮ ವಾಪಸ್ಸು ವಿಮಾನದಲ್ಲೇ ಹೋಗ್ತೀನಿ ಅಂತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಗಾಡಿ ದೊಡ್ಡದು ಮಾಡೋ ಬದಲು ಕ್ಯಾರವಾನ್ ಚಿಕ್ಕದು ಮಾಡಿ. ತುಂಬಿದಾಗ 2300ರಿಂದ 2500 ಕೆಜಿ ಮೀರದ, ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ ಇರುವ ಕ್ಯಾರವಾನ್ ಹುಡುಕಿ. ಆಗ ಟೋ ಬಾಲ್ ಭಾರ 250ಕ್ಕೆ ಇಳಿಯುತ್ತೆ, ವಿ6 ಡೀಸೆಲ್ ಎವರೆಸ್ಟ್ ಥರದ ವ್ಯಾಗನ್ ಸಾಕಾಗುತ್ತೆ. ಅದರ 600 ಎನ್ಎಂ ಟಾರ್ಕ್ ಈ ತೂಕಕ್ಕೆ ಧಾರಾಳ. 3000ದ್ದೇ ಬೇಕು ಅಂತ ಹಟ ಇದ್ದರೆ ಲ್ಯಾಂಡ್‌ಕ್ರೂಸರ್ ಅಥವಾ ವೈ62 ತಗೊಂಡು, ರಿಜಿಸ್ಟ್ರೇಷನ್‌ಗೆ ಮುಂಚೆಯೇ ಸ್ಪ್ರಿಂಗ್ ಬದಲಿಸಿ ಜಿವಿಎಂ ಏರಿಸಿಕೊಳ್ಳಿ. ಜಿವಿಎಂ ಏರಿಸಿದ ಮಾತ್ರಕ್ಕೆ ಜಿಸಿಎಂ ಏರಲ್ಲ, ಕೇಳಿ ಬರೆಸಿಕೊಳ್ಳಿ.

ಫೋರ್ ವೀಲ್ ಡ್ರೈವ್ ನಿಜಕ್ಕೂ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಲ್ಲಾರ್ಬರ್ ದಾಟೋ ಐರ್ ಹೆದ್ದಾರಿ 1976ರಿಂದಲೇ ಪೂರ್ತಿ ಡಾಂಬರು. ಅಲ್ಲಿ ಅದರ ಕೆಲಸ ಇಲ್ಲ. ಬೇಕಾಗೋದು ಮಳೆ ಬಂದು ಕ್ಯಾಂಪಿನ ಹುಲ್ಲು ಒದ್ದೆಯಾದಾಗ, ಇಳಿಜಾರಿನಲ್ಲಿ ಕ್ಯಾರವಾನನ್ನು ಇಂಚಿಂಚಾಗಿ ಹಿಂದಕ್ಕೆ ತಳ್ಳುವಾಗ. ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯೋ ಗೇರ್) ಹಾಕಿದರೆ ಗೇರ್‌ಬಾಕ್ಸ್ ಬಿಸಿಯಾಗಲ್ಲ. ಒಣ ಡಾಂಬರಿನ ಮೇಲೆ ಮಾತ್ರ ಪಾರ್ಟ್ ಟೈಮ್ ಸಿಸ್ಟಮ್‌ನಲ್ಲಿ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡೋದು) 4ಎಚ್, ಅಂದರೆ ಮಾಮೂಲಿ ವೇಗದ ಫೋರ್ ವೀಲ್ ಡ್ರೈವ್, ಹಾಕಬೇಡಿ, ತಿರುಗುವಾಗ ಎಲ್ಲಾ ಬಿಗಿದುಕೊಳ್ಳುತ್ತೆ.

ಲಾಂಗ್ ರೇಂಜ್ ಟ್ಯಾಂಕ್ ಹಾಕಿಸಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ಆ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕಿನಿಂದ ಬಂಕಿಗೆ 200 ಕಿಲೋಮೀಟರ್ ಒಳಗೇ ಇದೆ. ಎದುರುಗಾಳಿಗೆ ಡೀಸೆಲ್ ನೂರು ಕಿಲೋಮೀಟರಿಗೆ 20 ಲೀಟರ್ ದಾಟಿದರೂ ಸಿಕ್ಕಿಬೀಳಲ್ಲ. 100 ಲೀಟರ್ ಹೆಚ್ಚುವರಿ ಡೀಸೆಲ್ ಅಂದರೆ 84 ಕೆಜಿ, ಅಷ್ಟು ಜಾಗ ನಿಮ್ಮಲ್ಲಿಲ್ಲ. ದಾರಿಯ ಬಂಕುಗಳಲ್ಲಿ ರೇಟು ಜಾಸ್ತಿ, ಕೊಡಬೇಕು ಅಷ್ಟೇ. ಅಂದ ಹಾಗೆ ಅಮ್ಮ ಜೇನುತುಪ್ಪ ಕಟ್ಟಿಕೊಂಡಿದ್ದರೆ ಗಡಿಗೆ ಮುಂಚೆಯೇ ಮುಗಿಸಿಬಿಡಿ. ಪಶ್ಚಿಮ ಆಸ್ಟ್ರೇಲಿಯಾದವರು ಬಾರ್ಡರ್ ವಿಲೇಜ್‌ನಲ್ಲಿ ಹಣ್ಣು-ತರಕಾರಿ ಜೊತೆ ಅದನ್ನೂ ಕಿತ್ತುಕೊಳ್ಳುತ್ತಾರೆ.

ಎರಡು ಟನ್ ದಾಟಿದ ಕ್ಯಾರವಾನ್‌ಗೆ ಎಲ್ಲಾ ಚಕ್ರಕ್ಕೂ ಬ್ರೇಕ್ ಇರಬೇಕು, ಅದು ಡ್ರೈವರ್ ಸೀಟಿನಿಂದ ಹಿಡಿಯುವಂತಿರಬೇಕು, ಕೊಂಡಿ ಕಳಚಿದರೆ ತಾನಾಗೇ ಬ್ರೇಕ್ ಬೀಳಬೇಕು. ಇದು ಕಾನೂನು. ಹೊರಡೋ ಮುಂಚೆ ನೀರು, ಗ್ಯಾಸು, ಪಾತ್ರೆ, ಜನ ಸಮೇತ ವೇಬ್ರಿಡ್ಜ್ ಹತ್ತಿಸಿ ತೂಕ ನೋಡಿ. ಎರಡು ಟ್ಯಾಂಕ್ ನೀರೇ 190 ಕೆಜಿ ಆಗಬಹುದು. ತೂಕ ಮೀರಿ ಓಡಿಸಿ ಅಪಘಾತ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಪ್ರಶ್ನೆ (ಬ್ರಿಸ್ಬೇನ್ ಓದುಗರು): ಇಳಿಜಾರಿನಲ್ಲಿ ಕ್ಯಾರವಾನ್ ಹಾವಿನ ಥರ ಆಡಿತು. ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿಯಾಯ್ತು. ಏನು ಮಾಡಬೇಕಿತ್ತು?

ಉತ್ತರ: ಕಾಲಿನ ಬ್ರೇಕ್ ಮುಟ್ಟಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ. ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರ್ ಗುಂಡಿ ಕೈಯಲ್ಲಿ ಒತ್ತಿದರೆ ಕ್ಯಾರವಾನ್‌ನ ಚಕ್ರ ಮಾತ್ರ ಹಿಡಿಯುತ್ತೆ, ಅದು ಹಿಂದಕ್ಕೆ ಜಗ್ಗಿ ತಾನೇ ನೇರ ಆಗುತ್ತೆ. ಆ ಗುಂಡಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ಸಿಗುವಷ್ಟು ಅಭ್ಯಾಸ ಮಾಡಿಕೊಳ್ಳಿ. ಮತ್ತೆ, ಕ್ಯಾರವಾನ್‌ನ ಹಿಂದಿನ ಬಂಪರ್ ಮೇಲೆ ಸೈಕಲ್, ಜೆರ್ರಿ ಕ್ಯಾನ್ ನೇತು ಹಾಕಿದ್ದೀರಾ? ಇಳಿಸಿ. ಭಾರವೆಲ್ಲಾ ಆಕ್ಸಲ್ ಹತ್ತಿರ, ಕೆಳಗೆ ಇರಲಿ.

ಪ್ರಶ್ನೆ (ಅಡಿಲೇಡ್ ಓದುಗರು): ಎಲೆಕ್ಟ್ರಿಕ್ ಗಾಡಿಯಲ್ಲಿ ಇದೇ ದಾರಿ ಹೋಗಬಹುದಾ?

ಉತ್ತರ: ಒಂಟಿ ಗಾಡಿಯಲ್ಲಿ ಧಾರಾಳವಾಗಿ ಹೋಗಿ. ಅದೇ ಹೆದ್ದಾರಿಯ ಕೈಗೂನಾ ರೋಡ್‌ಹೌಸ್‌ನಲ್ಲಿ (ಊಟ, ಇಂಧನ ಸಿಗೋ ತಂಗುದಾಣ) 2022ರಲ್ಲಿ ಅಡುಗೆಮನೆಯಲ್ಲಿ ಕರಿದುಳಿದ ಎಣ್ಣೆಯಿಂದ ಜನರೇಟರ್ ಓಡಿಸಿ ಕಾರು ಚಾರ್ಜ್ ಮಾಡೋ ವ್ಯವಸ್ಥೆ ತಂದರು. ನಮ್ಮ ಬೋಂಡದಂಗಡಿಗಳು ಯೋಚಿಸಬಹುದು! ಆದರೆ ದೊಡ್ಡ ಕ್ಯಾರವಾನ್ ಕಟ್ಟಿದರೆ ರೇಂಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಚಾರ್ಜಿಂಗ್ ಜಾಗಗಳು ಹೆಚ್ಚಾಗಿ ಮೂತಿ ತೂರಿಸಿ ನಿಲ್ಲಿಸೋ ಥರದವು. ಪ್ರತಿ ಸಲವೂ ಕ್ಯಾರವಾನ್ ಬಿಚ್ಚಿ ಮತ್ತೆ ಕಟ್ಟೋ ತಾಳ್ಮೆ ಇದ್ದರೆ ಸರಿ. ಇಲ್ಲಾಂದ್ರೆ ಸದ್ಯಕ್ಕೆ ಡೀಸೆಲ್ಲೇ ವಾಸಿ.